ಎದ್ದೇಳೆಂದವರ ಎದುರು ಕೂತ ರಾಕಮ್ಮ

ರಾಕಮ್ಮನ ದೇವರು ತೊಲೆಗೆ ನೇತಾಡುತ್ತಿತ್ತು. ಉಳಿದವರ ಮನೆಯಲ್ಲಿ ದೇವರು ಗೂಡಿನಲ್ಲೋ ಪೀಠದ ಮೇಲೋ ಕೂತಿರುತ್ತದೆ. ಈಕೆಯ ಗುಡಿಸಿಲಿನಲ್ಲಿ ಮಾತ್ರ ಹಳೆಯ ಸೀರೆ ತುಂಡಿನ ಗಂಟಿನೊಳಗೆ, ಬೆಲ್ಲದುಂಡೆಯ ಗಾತ್ರದ ಒಂದು ಕರಿಕಲ್ಲು. ಸಂಜೆ ದೀಪ ಹಚ್ಚಿ, ಕತ್ತೆತ್ತಿ ಗಂಟಿಗೆ ಕೈ ಮುಗಿಯುತ್ತಿದ್ದಳು. ಮಳೆಗೆ ಸೂರು ಸೋರಿದರೆ ಮೊದಲು ಗಂಟನ್ನು ಸರಿಸಿ ಕಟ್ಟುವಳು, ಆಮೇಲೆ ತನ್ನ ಚಾಪೆಯನ್ನು ಸರಿಸುವಳು.

"ಅದ್ಯಾಕಕ್ಕ, ಕೆಳಗಿಟ್ರೆ ಏನಾಯ್ತದೆ?" ಎಂದು ಒಮ್ಮೆ ಕೇಳಿದ್ದೆ.

"ಎದ್ದೇಳು ಅನ್ನೋ ಜಾಗದಾಗೆ ತಾಯಿನ ಕೂರ್ಸಲ್ಲ ತಂಬಿ. ನಾನು ಎದ್ದು ಎದ್ದು ಮಾನ ಕಳ್ಕಂಡಿವ್ನಿ. ಅವಳಿಗ್ಯಾಕೆ ಆ ಗತಿ?"

ಆಕೆಗೆ ಬೇಕಾಗಿದ್ದುದು ಇಷ್ಟೇ. ಎದ್ದೇಳು ಎಂದು ಯಾರೂ ಹೇಳದಿರುವಂಥ ಒಂದು ಜಾಗ, ಚಾಪೆ ಹಾಸುವಷ್ಟು, ಆ ಕಲ್ಲು ಇಡುವಷ್ಟು. ಅದನ್ನು ಕೊಡುವುದಕ್ಕೆ ಎರಡು ದೇಶದ ಸರ್ಕಾರಗಳ ಕೈಲಿ ಆಗಲಿಲ್ಲ.

ನಾನು ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟವನು. ಅಪ್ಪ ಇಟ್ಟುಕೊಟ್ಟದ್ದಲ್ಲ, ಹಾರನಹಳ್ಳಿಯಿಂದ ಸೈಕಲ್ ತುಳಿದುಕೊಂಡು ಹೊರಟು, ಊರೂರು ತಿರುಗಿ, ಕಾಯಿ ಕೊಂಡು ಮಾರಿ ಬೆಳೆಸಿದ್ದು. ಹಾಗೆ ತಿರುಗುವ ಕಾಲದಲ್ಲಿ ರಾಕಮ್ಮ ಸಿಕ್ಕಿದಳು. ಹಳೇಬೀಡು ಬಿಟ್ಟು ಮಾದಿಹಳ್ಳಿ ಕಡೆ ಹೋದರೆ ಒಂದು ಕೆರೆ, ಏರಿಯ ಕೆಳಗೆ ಒಂದು ಊರು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಂದ ನನಗೆ ಇವತ್ತಿಗೂ ಕಾಯಿ ಬರುತ್ತದೆ. ಬರೆಯುವ ಚಪಲಕ್ಕೆ, ಕಾಯಂ ಕಾಯಿ ಕೊಡುವ ವರ್ತನೆಯ ಮನೆಗಳನ್ನು ಕೆಡಿಸಿಕೊಳ್ಳುವವನು ವ್ಯಾಪಾರಿಯೇ ಅಲ್ಲ.

ಏರಿಯ ತುದಿಯಲ್ಲಿ, ಸಾಗುವಳಿಯಿಲ್ಲದೆ ಬಿದ್ದ ಸರ್ಕಾರಿ ಖರಾಬು ಜಾಗದಲ್ಲಿ ಆಕೆಯ ಗುಡಿಸಿಲು. ತೆಂಗಿನ ಗರಿ ಸೀಳಿ, ಕಡ್ಡಿ ಹೆರೆದು, ಪೊರಕೆ ಕಟ್ಟಿ ಮಾರುತ್ತಿದ್ದಳು. ಮಂಡಿ ಗುಡಿಸಲು ನನಗೆ ಪೊರಕೆ ಬೇಕಿತ್ತು. ಒಂದು ರೇಟು ಹೇಳಿದೆ. ಆಕೆ ಮಾತಾಡಲಿಲ್ಲ, ಕಡ್ಡಿ ಹೆರೆಯುತ್ತಲೇ ಇದ್ದಳು. ಕೇಳಿಸಲಿಲ್ಲವೇನೋ ಎಂದು ಸ್ವಲ್ಪ ಏರಿಸಿ ಹೇಳಿದೆ. ಆಗಲೂ ಇಲ್ಲ. ಪೊರಕೆಯನ್ನು ಎತ್ತಿ ನೋಡಿ, ಕಡ್ಡಿ ಸಣ್ಣ ಎಂದು ದೂರಿ, ಹೊರಟವನಂತೆ ಸೈಕಲ್ ಸ್ಟ್ಯಾಂಡು ತೆಗೆದು, ಮತ್ತೆ ಹಾಕಿ, ಇನ್ನೂ ಏರಿಸಿದೆ. ಮಾರಿದವಳು ಒಂದು ಮಾತಾಡದೆ, ಕೊಂಡವನು ತಾನೇ ತನ್ನ ಜೊತೆ ಚೌಕಾಸಿ ಮಾಡಿಕೊಂಡು ಸೋತ ವ್ಯಾಪಾರ ಅದೊಂದೇ ಇರಬೇಕು.

ಪೊರಕೆ ಕಟ್ಟಿಕೊಟ್ಟ ಮೇಲೆ ಬಾಯಿ ಬಿಟ್ಟಳು. "ನೀನೇ ಕೇಳ್ದೆ, ನೀನೇ ಹೇಳ್ದೆ. ಮಧ್ಯ ನಾನ್ಯಾಕೆ ಬರ್ಲಿ?"

ವ್ಯಾಪಾರಕ್ಕಿಳಿಯುವ ಹುಡುಗರು ಈಗ ದುಡ್ಡು ಕೊಟ್ಟು ಏನೇನೋ ತರಬೇತಿಗೆ ಹೋಗುತ್ತಾರೆ, ಅಲ್ಲಿ ಮಾತಾಡುವುದನ್ನು ಕಲಿಸುತ್ತಾರಂತೆ. ನನ್ನ ಮಾತು ಕೇಳುವುದಾದರೆ, ಬಾಯಿ ಮುಚ್ಚಿಕೊಂಡು ಕೂರುವುದನ್ನು ಮೊದಲು ಕಲಿಯಿರಿ. ರಾಕಮ್ಮ ಅದನ್ನು ಕಲಿತದ್ದು ಸಂತೆಯಲ್ಲಲ್ಲ. "ದೊರೆ ಮುಂದೆ, ಪೊಲೀಸ್ ಮುಂದೆ, ಕ್ಯಾಂಪಿನ ಆಫೀಸರ್ ಮುಂದೆ ಕಲ್ತಿದ್ದು" ಅನ್ನುವಳು. "ನಾವು ಅತ್ರೆ ಅವರಿಗೆ ಅಭ್ಯಾಸ ಐತೆ. ಬೇಡ್ಕಂಡ್ರೂ ಅಭ್ಯಾಸ ಐತೆ. ಸುಮ್ಕೆ ಮುಖ ನೋಡ್ಕಂಡು ಕೂತ್ಕಂಡ್ರೆ ಮಾತ್ರ ಅವರಿಗೆ ತಡಿಯಕಾಗಲ್ಲ."

ಕ್ಯೂ ನಿಲ್ಲುವುದೆಂದರೆ ಆಕೆಗೆ ಆಗದು. ರೇಷನ್ ಅಂಗಡಿಯಾಗಲಿ ಆಸ್ಪತ್ರೆಯಾಗಲಿ, ಸಾಲಿನ ಪಕ್ಕದಲ್ಲಿ ನೆಲಕ್ಕೆ ಕೂತುಬಿಡುವಳು. "ಕ್ಯೂನಾಗೆ ನಿಂತ್ಕಂಡೇ ಒಂದು ದೇಶ ಕಳ್ಕಂಡೆ, ಇನ್ನೊಂದು ಸಿಗ್ಲಿಲ್ಲ" ಎನ್ನುವಳು. ಬೈದರೆ ಬೈದವರ ಮುಖವನ್ನೇ ನೋಡುವಳು. ಕೊನೆಗೆ ಅವರೇ ಬೇಸತ್ತು, "ಆ ಯಮ್ಮಂಗೆ ಮೊದ್ಲು ಕೊಟ್ಟು ಕಳ್ಸ್ರೀ" ಎನ್ನುತ್ತಿದ್ದರು.

ಊರಿನವರು ಅವಳನ್ನು ಸಿಲೋನ್ ರಾಕಮ್ಮ ಎಂದು ಕರೆಯುತ್ತಿದ್ದರು. ಸಿಲೋನ್ ಎಂದರೆ ಈಗಿನ ಶ್ರೀಲಂಕಾ. ಅವಳ ಅಜ್ಜನ ಕಾಲದಲ್ಲಿ ತಮಿಳು ಸೀಮೆಯಿಂದ ಆಳುಗಳನ್ನು ಹಡಗು ಹತ್ತಿಸಿ, ಅಲ್ಲಿನ ಬೆಟ್ಟಗಳ ಟೀ ತೋಟಕ್ಕೆ ಸಾಗಿಸಿದ್ದರು. ರಾಕಮ್ಮ ಹುಟ್ಟಿದ್ದು, ಟೀ ಸೊಪ್ಪು ಕಿತ್ತದ್ದು, ಸೆಲ್ಲಯ್ಯನನ್ನು ಮದುವೆಯಾದದ್ದು ಎಲ್ಲ ಒಂದೇ ತೋಟದಲ್ಲಿ, ಲೈನ್ ಮನೆ ಎನ್ನುವ ಆಳುಗಳ ಸಾಲುಮನೆಯಲ್ಲಿದ್ದುಕೊಂಡು. ಬಿಳಿಯ ದೊರೆಗಳು ಹೋದರು. ಆಮೇಲೆ ಬಂದ ಅಲ್ಲಿನ ಸರ್ಕಾರಕ್ಕೆ ಒಂದು ದಿನ ಜ್ಞಾನೋದಯವಾಯಿತು, ಟೀ ನಮ್ಮದು, ಆದರೆ ಕೀಳುವವರು ನಮ್ಮವರಲ್ಲ ಎಂದು. ಓಟು ಕಿತ್ತುಕೊಂಡರು. ಆಮೇಲೆ ಆ ಸರ್ಕಾರವೂ ನಮ್ಮ ಸರ್ಕಾರವೂ ಕೂತು ಮಾತಾಡಿ, ಇಷ್ಟು ಜನ ನಿಮಗೆ, ಇಷ್ಟು ಜನ ನಮಗೆ ಎಂದು ಪಾಲು ಮಾಡಿಕೊಂಡವು.

"ಸಂತೇಲಿ ಕುರಿ ಕೊಳ್ಳೋನೂ ಹಲ್ಲು ಹಿಡ್ದು ನೋಡ್ತಾನೆ. ಇವರು ಅದನ್ನೂ ನೋಡ್ಲಿಲ್ಲ" ಎಂದು ರಾಕಮ್ಮ ಪಕ್ಕಕ್ಕೆ ಉಗಿಯುತ್ತಿದ್ದಳು. ತಂಗಿ ಮೀನಾಚ್ಚಿ ಸಿಲೋನಿನ ಪಾಲಿಗೆ ಬಿದ್ದಳು, ಅಕ್ಕ ಇಂಡಿಯಾದ ಪಾಲಿಗೆ. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದವರು.

ನಡುವೆ ಒಂದು ಬರಗಾಲ ಬಂತು. ಅಕ್ಕಿ, ಹಿಟ್ಟು ಎಲ್ಲದಕ್ಕೂ ಕಡಿತ. ತೋಟದವರು ಕಾಡುಗೆಣಸು ಅಗೆದು ತಿಂದರು. ಅದೂ ಮುಗಿದ ಮೇಲೆ ಸೊಪ್ಪು ಬೇಯಿಸಿ ನೀರು ಕುಡಿದರು. ರಾಕಮ್ಮನ ಮಗು ಹಾಲಿಲ್ಲದೆ ಆ ವರ್ಷವೇ ಹೋಯಿತು. ಇದನ್ನು ಆಕೆ ನನಗೆ ಹೇಳಿದ್ದು ಒಂದೇ ಸಾರಿ, ಪೊರಕೆ ಕಟ್ಟುತ್ತ, ಕೈ ನಿಲ್ಲಿಸದೆ. "ಟೀ ಗಿಡದ ಬುಡದಾಗೆ ಮಣ್ಣು ಮಾಡಿದ್ವಿ. ಆ ಸಾಲಿನ ಸೊಪ್ಪನ್ನೂ ಕಿತ್ರು, ತೂಕ ಹಾಕಿದ್ರು. ಯಾವ ದೇಶದೋರು ಕುಡುದ್ರೋ."

ಹೊರಡುವ ಗಡುವು ಮುಗಿದವರನ್ನು ಹುಡುಕಿಕೊಂಡು ಪೊಲೀಸ್ ಜೀಪು ಬಂದಾಗ ಒಲೆಯ ಮೇಲೆ ಗಂಜಿ ಇತ್ತಂತೆ. ಇಳಿಸಲೂ ಬಿಡಲಿಲ್ಲ. ಲೈನಿನ ತುದಿಯಲ್ಲಿ ಮಾರಿಯಮ್ಮನ ಗುಡಿ. ಅಲ್ಲಿ ಕೈ ಮುಗಿದು ಬರುತ್ತೇನೆಂದು ಓಡಿದ ರಾಕಮ್ಮ ಅಮ್ಮನ ಪಕ್ಕದಲ್ಲಿದ್ದ ಒಂದು ಕಲ್ಲನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. "ತಾಯಿನೇ ತರಕ್ಕಾಯ್ತದಾ? ಉಳ್ದೋರಿಗೆ ಬ್ಯಾಡ್ವಾ? ಅದ್ಕೇ ಪಕ್ಕದಾಗಿದ್ದೋಳ್ನ ತಂದೆ."

ರೈಲಿನಲ್ಲಿ ಬೆಟ್ಟ ಇಳಿದು, ಹಡಗು ಹತ್ತುವ ಕಟ್ಟೆಯಲ್ಲಿ ತಪಾಸಣೆ. ಕಿವಿಯ ಓಲೆ ಹೋಯಿತು, ಹಿತ್ತಾಳೆ ಕೊಡ ಹೋಯಿತು. ಗಂಟು ಬಿಚ್ಚಿದ ಅಧಿಕಾರಿ ಕಲ್ಲನ್ನು ನೋಡಿ ಜೊತೆಯವರನ್ನು ಕರೆದು ತೋರಿಸಿ ನಕ್ಕನಂತೆ. "ಇಂಡಿಯಾದಲ್ಲಿ ಕಲ್ಲೂ ಇಲ್ವಾ ನಿಮಗೆ?"

ಈ ಮಾತು ಬಂದಾಗಲೆಲ್ಲ ರಾಕಮ್ಮ ಹಳೇಬೀಡಿನ ದಿಕ್ಕಿಗೆ ಗಲ್ಲ ಎತ್ತಿ ತೋರಿಸುವಳು. "ಅವ್ನು ಸರಿಯಾಗೇ ಕೇಳಿದ್ದ ತಂಬಿ. ಇಲ್ಲಿ ಕಲ್ಲಿಗೆ ಬರ ಇಲ್ಲ. ಕಲ್ಲಿಗೆ ಕಾವಲುಗಾರ ಅವ್ನೆ, ಬೇಲಿ ಐತೆ, ದೀಪ ಐತೆ. ಮನ್ಸರಿಗೇ ಜಾಗ ಇಲ್ಲ."

ಈ ದಡದಲ್ಲಿ ಕ್ಯಾಂಪು. ಸ್ವದೇಶಕ್ಕೆ ಮರಳಿದವರು ಎಂದು ಹೆಸರಿಟ್ಟು ತಗಡಿನ ಶೆಡ್ಡಿನಲ್ಲಿ ಕೂಡಿದರು. ಹುಟ್ಟಿದಾಗಿನಿಂದ ಕಾಣದ ಊರಿಗೆ ಮರಳುವುದು ಹೇಗೆಂದು ನನಗೆ ತಿಳಿಯದು, ಸರ್ಕಾರಕ್ಕೆ ತಿಳಿದಿರಬೇಕು. ಅಲ್ಲಿಗೆ ಬಂದ ಏಜೆಂಟನೊಬ್ಬ ಗಂಡಹೆಂಡಿರನ್ನು ಬೇಲೂರಿನಾಚೆಯ ಕಾಫಿ ತೋಟಕ್ಕೆ ಕರೆತಂದ. ಕೆಲವು ವರ್ಷದ ಮೇಲೆ ಸೆಲ್ಲಯ್ಯ ಮರದಿಂದ ಬಿದ್ದು ಸತ್ತ. ಆಳು ಸತ್ತ ಮೇಲೆ ಲೈನ್ ಮನೆ ಇನ್ನೊಬ್ಬ ಆಳಿಗೆ ಬೇಕು, ಎದ್ದೇಳು ಎಂದರು. ಗೆಂಡೆಹಳ್ಳಿ ಕಡೆ ರಸ್ತೆ ಬದಿಯಲ್ಲಿ ಗುಡಿಸಿಲು ಹಾಕಿದಳು. ರಸ್ತೆ ಅಗಲವಾಯಿತು, ಎದ್ದೇಳು ಎಂದರು. ಗಂಟು ಎತ್ತಿಕೊಂಡು ಈ ಏರಿಗೆ ಬಂದಳು. ಜನರನ್ನು ಪಾಲು ಮಾಡಿಕೊಂಡಲ್ಲಿಂದ ಈಚಿನದೆಲ್ಲ ನಾನು ಹುಟ್ಟಿ ಬೆಳೆದ ಕಾಲದಲ್ಲೇ ನಡೆದದ್ದು, ಯಾವ ಪುರಾಣದ್ದೂ ಅಲ್ಲ.

ಕಷ್ಟದ ಕಥೆಗೆ ಗಿರಾಕಿಗಳು ಇದ್ದೇ ಇರುತ್ತಾರೆ. ಒಮ್ಮೆ ನಗರದಿಂದ ಒಬ್ಬರು ಕ್ಯಾಮೆರಾ ತಂದು ಗುಡಿಸಿಲ ಮುಂದೆ ಇಟ್ಟರು. ನಾನು ಆಗ ಅಲ್ಲಿಯೇ ಇದ್ದೆ.

"ಅಮ್ಮಾ, ದೇಶ ಬಿಟ್ಟು ಹೊರಟಾಗ ನಿಮಗೆ ಹೇಗನ್ನಿಸ್ತು?"

"ಹಸಿವಾಯ್ತು."

"ಅಲ್ಲ, ಮನಸ್ಸಿಗೆ?"

"ಮನ್ಸಿಗೂ ಹಸಿವಾಯ್ತು. ಒಲೆ ಮೇಲೆ ಗಂಜಿ ಬಿಟ್ಬಂದಿದ್ದೆ. ಪೊರಕೆ ತಗತೀರಾ?"

ಅವರು ಕಣ್ಣೊರೆಸಿಕೊಂಡರು, ಪೊರಕೆ ಕೊಳ್ಳಲಿಲ್ಲ. ಮರುಕಕ್ಕೆ ಬಂಡವಾಳ ಬೇಕಿಲ್ಲ, ಅದಕ್ಕೇ ಆ ವ್ಯಾಪಾರದಲ್ಲಿ ಅಷ್ಟು ಜನ.

ಖರಾಬಿನಲ್ಲಿ ಗುಡಿಸಿಲು ಹಾಕಿಕೊಂಡವರಿಗೆ ಆ ಜಾಗವನ್ನೇ ಬರೆದುಕೊಡುತ್ತಾರೆಂಬ ಸುದ್ದಿ ಬಂದಾಗ ಅರ್ಜಿ ಹಾಕಿಸಿದವನು ನಾನೇ. ಸ್ಥಳ ನೋಡಲು ಕಂದಾಯದ ಸಾಹೇಬರು ಬಂದರು. ಇಂಥವರು ಇಲ್ಲೇ ಬಾಳುತ್ತಿದ್ದಾರೆ ಎಂದು ಊರಿನ ಹಿರಿಯರು ಹೇಳಬೇಕು. ಅದಕ್ಕೆ ಮಹಜರು ಎನ್ನುತ್ತಾರೆ. ಹಿರಿಯರೆಂದರೆ ಆ ಊರಿನಲ್ಲಿ ಪುಟ್ಟಸ್ವಾಮಿ. ಏರಿಯ ಕೆಳಗಿನ ಗದ್ದೆ, ತೋಟ, ಗ್ರಾಮದ ಮಾತು ಎಲ್ಲ ಆತನದೇ. ಆತನ ಅಂಗಳವನ್ನು ದಿನವೂ ಗುಡಿಸುತ್ತಿದ್ದುದು ರಾಕಮ್ಮ ಕಟ್ಟಿದ ಪೊರಕೆ.

ನಮ್ಮ ಕಡೆ ಮನುಷ್ಯನನ್ನು ಅಳೆಯುವ ಪ್ರಶ್ನೆಗಳು ಯಾವಾಗಲೂ ಅವೇ. ಪುಟ್ಟಸ್ವಾಮಿ ಅವನ್ನೇ ಕೇಳಿದ.

"ನೀನು ಯಾವೂರಿನೋಳಾದೆ? ಯಾರ ಪೈಕಿ? ಮನೆದೇವ್ರು ಯಾವ್ದು?"

"ಮನೆನೇ ಇಲ್ಲ ಯಜಮಾನ್ರೇ, ಮನೆದೇವ್ರು ಎಲ್ಲಿಂದ ತರ್ಲಿ?"

"ನೋಡಿ ಸ್ವಾಮಿ, ಇವಳ ಬಾಯಲ್ಲೇ ಬಂತು. ನಮ್ಮೂರೋಳಲ್ಲ, ಸಿಲೋನಿನೋಳು. ಇವಳಿಗೆ ಜಾಗ ಕೊಟ್ರೆ ನಾಳೆ ಇವಳ ದೇಶನೇ ಬಂದು ಏರಿ ಮೇಲೆ ಕೂತ್ಕಂಡಾತು."

ಸಾಹೇಬರು ನಕ್ಕು, ಬರೆದುಕೊಂಡು ಹೋದರು. ಅರ್ಜಿ ವಜಾ ಆಯಿತು. ಸಿಲೋನಿನಲ್ಲಿ ಅವಳನ್ನು ಇಂಡಿಯಾದವಳೆಂದು ಓಡಿಸಿದರು, ಇಂಡಿಯಾದಲ್ಲಿ ಸಿಲೋನಿನವಳೆಂದು ಓಡಿಸಲು ನಿಂತರು. ಎರಡೂ ಕಡೆ ಬುದ್ಧಿ ಒಂದೇ ಗಾಣದ ಹಿಂಡಿ.

ಕೆಲವು ತಿಂಗಳಿಗೆ, ಏರಿಯ ಮೇಲೆ ರಸ್ತೆ ಮಾಡುತ್ತೇವೆ, ಜೆಸಿಬಿ ಬರುತ್ತದೆ, ಜಾಗ ಖಾಲಿ ಮಾಡು ಎಂಬ ಮಾತು ಬಂತು. ನಾನು ಓಡಿಹೋಗಿ ಬುದ್ಧಿ ಹೇಳಿದೆ. ನಮ್ಮ ಸೀಮೆಯಲ್ಲಿ ಜಾಗ ಉಳಿಸಿಕೊಳ್ಳುವ ಉಪಾಯ ಒಂದೇ. "ಅಕ್ಕ, ಆ ಗಂಟು ಇಳ್ಸು. ಕಲ್ಲಿಗೆ ಅರಿಶಿನ ಬಳ್ದು, ಕುಂಕುಮ ಇಟ್ಟು, ಬಾಗಿಲ ಮುಂದೆ ಕೂರ್ಸು. ಮನುಷ್ಯರನ್ನ ಎಬ್ಬಿಸ್ತಾರೆ. ದೇವರನ್ನ ಎಬ್ಬಿಸೋ ಗಂಡಸು ಈ ತಾಲ್ಲೂಕಿನಲ್ಲಿ ಹುಟ್ಟಿಲ್ಲ."

"ಎದ್ದೇಳು ಅನ್ನೋ ಜಾಗದಾಗೆ ಕೂರ್ಸಲ್ಲ ಅಂತ ಹೇಳಿವ್ನಲ್ಲ."

"ಹಂಗಾದ್ರೆ ಗಂಟು ಹೊತ್ಕಂಡು ಇನ್ನೊಂದೂರಿಗೆ ನಡಿ."

ಆಕೆ ಮಾತಾಡಲಿಲ್ಲ. ನಾನೂ ಅವಳ ವಿದ್ಯೆಯನ್ನೇ ಹಿಡಿದು ಸುಮ್ಮನೆ ಕೂತೆ. ಬಹಳ ಹೊತ್ತಿನ ಮೇಲೆ ಕತ್ತೆತ್ತಿ ಗಂಟಿಗೇ ಹೇಳಿದಳು. "ಇಷ್ಟು ವರ್ಷ ನಾನು ನಿನ್ನ ಹೊತ್ತೆ. ಕಾಲಿನ ಮಂಡಿ ಹೋಯ್ತು. ಇನ್ಮೇಲೆ ನೀನು ನನ್ನ ಹೊರು." ಗಂಟು ಬಿಚ್ಚಲು ನಾನು ಕೈ ಹಾಕಹೋದರೆ ಬೇಡವೆಂದು, ತಾನೇ ಬಿಚ್ಚಿದಳು.

ಜೆಸಿಬಿ ಬಂತು. ಡ್ರೈವರ್ ಅರಿಶಿನದ ಕಲ್ಲು ಕಂಡವನೇ ಇಂಜಿನ್ ಆಫ್ ಮಾಡಿ, ಇಳಿದು, ಚಪ್ಪಲಿ ಬಿಟ್ಟು ಕೈ ಮುಗಿದ. ಹಿಂದೆಯೇ ಬಂದ ಕಂದಾಯದ ಸಾಹೇಬರೂ ಹಣೆಗೆ ಕುಂಕುಮ ಇಟ್ಟುಕೊಂಡು, ರಸ್ತೆಯನ್ನು ಆಚೆಗೆ ಬಳಸಿ ಹಾಕಿ ಎಂದರು. ಯಾವೂರು, ಯಾರ ಪೈಕಿ ಎಂದು ಕಲ್ಲನ್ನು ಯಾರೂ ಕೇಳಲಿಲ್ಲ. ಅದೂ ಸಿಲೋನಿನದೇ, ಅದೂ ಕಾಗದವಿಲ್ಲದೆಯೇ ಹಡಗು ಇಳಿದದ್ದು.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಇವತ್ತಿಗೂ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಮೇವು ಬಿಟ್ಟ ಯಾರದೋ ಹಸು, ಮನೆಯವರು ಹರಕೆ ಹೊತ್ತ ಮರುದಿನ ಮೇವು ಹಿಡಿಯಿತು. ಮಂಗಳವಾರ ಹೆಂಗಸರು ಹೂವು ತಂದರು. ಏರಿ ಮಾರಮ್ಮ ಎಂದು ಹೆಸರಾಯಿತು. ಬೇಲೂರಿನಿಂದಲೂ ಆಟೋ ಮಾಡಿಕೊಂಡು ಬರತೊಡಗಿದರು. ಹರಕೆ ಸೇರುವ ಕಡೆ ಪುಟ್ಟಸ್ವಾಮಿ ಸೇರದಿರುತ್ತಾನೆಯೇ? ಒಂದು ಸಮಿತಿ ಮಾಡಿ ತಾನೇ ಅಧ್ಯಕ್ಷನಾದ. ಹಳೇಬೀಡಿನ ಸುತ್ತಮುತ್ತ ಕಲ್ಲೊಂದು ಸಿಕ್ಕರೆ ಅದನ್ನು ಹೊಯ್ಸಳರ ಕಾಲಕ್ಕೆ ಸೇರಿಸದೆ ಬಿಡುವವರಿಲ್ಲ. "ನಮ್ಮ ತಾತನ ಕನಸಲ್ಲಿ ಬಂದಿದ್ಲು. ಹೊಯ್ಸಳರ ಕಾಲದಿಂದ ಇದೇ ಏರೀಲಿ ಹುದುಗಿದ್ಲು ತಾಯಿ" ಎಂದು ಆತ ಬಂದವರಿಗೆಲ್ಲ ಹೇಳುತ್ತಿದ್ದ. ಪಕ್ಕದಲ್ಲೇ ಕಡ್ಡಿ ಹೆರೆಯುತ್ತ ಕೂತಿದ್ದ ರಾಕಮ್ಮ, "ಹಂಗಾರೆ ನಾನೂ ಆ ಕಾಲದೋಳೇ ಯಜಮಾನ್ರೇ, ಒಟ್ಟಿಗೇ ಬಂದ್ವಿ" ಎಂದಳು. ಆತನಿಗೆ ಕೇಳಿಸಲಿಲ್ಲ, ಬೇಡದ್ದು ಆತನಿಗೆ ಕೇಳಿಸುತ್ತಿರಲಿಲ್ಲ.

ಸಮಿತಿ ಕಲ್ಲಿನ ಸುತ್ತ ಗೋಡೆ ಎಬ್ಬಿಸಿ ಮೇಲೆ ಕಾಂಕ್ರೀಟಿನ ಮೋಲ್ಡ್ ಹಾಕಿತು. ಹಾಕಿದ ಮೇಲೆ ಒಂದು ಅಡಚಣೆ ಕಂಡಿತು. ಗುಡಿ ಸುತ್ತಲು ದಾರಿಯಿಲ್ಲ. ಗುಡಿಯ ಬೆನ್ನಿಗೆ ಅಂಟಿಕೊಂಡೇ ರಾಕಮ್ಮನ ಗುಡಿಸಿಲು. ಪ್ರದಕ್ಷಿಣೆಗೆ ಅಡ್ಡ, ಗುಡಿಸಿಲು ಏಳಬೇಕು ಎಂದು ತೀರ್ಮಾನವಾಯಿತು. ಅಂದರೆ ದೇವರಿಗೆ ಜಾಗ ಕೊಟ್ಟವಳಿಗೆ ದೇವರ ಹೆಸರಿನಲ್ಲೇ ಎದ್ದೇಳು ಎಂದರು. ಸಿಲೋನಿನ ಸರ್ಕಾರಕ್ಕೂ ಇಷ್ಟು ಹೊಳೆದಿರಲಿಲ್ಲ.

ಮಾತುಕತೆಗೆ ನನ್ನನ್ನು ಅರಸೀಕೆರೆಯಿಂದ ಕರೆಸಿದರು. ಒಂದು ಮಂಗಳವಾರ ಬೆಳಿಗ್ಗೆ, ಹೂವು ಹಣ್ಣು ಹಿಡಿದ ಹೆಂಗಸರೆಲ್ಲ ನೆರೆದಿದ್ದಾಗ, ಗುಡಿಯ ಮುಂದೆಯೇ ಕೂತೆವು. ರಾಕಮ್ಮ ಎಂದಿನಂತೆ ನೆಲದ ಮೇಲೆ.

"ಬಸ್ ಸ್ಟ್ಯಾಂಡ್ ಹತ್ರ ಒಂದು ಶೀಟಿನ ಶೆಡ್ ಹಾಕ್ಸಿಕೊಡ್ತೀವಿ ರಾಕಮ್ಮ" ಎಂದು ಪುಟ್ಟಸ್ವಾಮಿ ಶುರು ಮಾಡಿದ.

ಆಕೆ ಅವನ ಮುಖವನ್ನೇ ನೋಡಿದಳು. ನನಗೆ ಸೈಕಲ್ ಸ್ಟ್ಯಾಂಡು ನೆನಪಾಗಿ, ಕೆಮ್ಮಿನ ನೆಪದಲ್ಲಿ ಟವೆಲಿಗೆ ಮುಖ ಒತ್ತಿಕೊಂಡೆ.

"ಶೀಟು ಬ್ಯಾಡ ಅಂದ್ರೆ ಹೆಂಚು ಹಾಕ್ಸನ." ಉತ್ತರವಿಲ್ಲ. "ಕರೆಂಟೂ ಎಳ್ಸಿಕೊಡ್ತೀವಿ. ದಿನಾ ಪ್ರಸಾದ ಮನೆಗೇ ಬತ್ತದೆ. ಇನ್ನೇನಮ್ಮ ಬೇಕು ನಿಂಗೆ? ಏನಾರ ಬಾಯಿ ಬಿಡು."

ಆತನ ಗಂಟಲು ಒಣಗುವವರೆಗೂ ಕಾದು ಬಾಯಿ ಬಿಟ್ಟಳು. "ನಂಗೆ ಅದ್ಯಾವ್ದೂ ಬ್ಯಾಡ. ಒಂದು ಮಾತು ಹೇಳ್ಬುಡಿ ಯಜಮಾನ್ರೇ. ಕರ್ಪೂರ ಹಚ್ಚಿ, ತಾಯಿ ಮುಂದೆ ನಿಂತ್ಕಂಡು, ರಾಕಮ್ಮ ಈ ಊರೋಳು ಅನ್ನಿ. ಆಮೇಲೆ ನೋಡಾನ."

ಇಷ್ಟಕ್ಕೇ ಬಗೆಹರಿಯಿತೆಂದು ಪುಟ್ಟಸ್ವಾಮಿ ನನ್ನ ಕಡೆ ತಿರುಗಿ ನಕ್ಕ. ಮಾತಿಗೆ ಖರ್ಚಿಲ್ಲ ಎಂದು ತಿಳಿದವನು ಆತ. ಕರ್ಪೂರ ಹಚ್ಚಿದ, ಅಂಗೈಯನ್ನು ಉರಿಯ ಮೇಲೆ ಹಿಡಿದು, "ರಾಕಮ್ಮ ಈ ಊರೋಳು" ಎಂದ.

"ಹಿಂದಿರೋರಿಗೆ ಕೇಳಿಸ್ಲಿಲ್ಲ."

"ರಾಕಮ್ಮ ನಮ್ಮೂರೋಳು, ತಾಯಾಣೆ" ಎಂದು ಕೂಗಿದ.

"ಆಯ್ತು" ಎಂದಳು. ಕೂತಲ್ಲಿಂದ ಅಲುಗಲಿಲ್ಲ. "ಊರೋಳನ್ನ ಊರಿಂದ ಎಬ್ಬಿಸ್ತಾರಾ ಯಜಮಾನ್ರೇ? ಹೋಗಿ ಬನ್ನಿ, ಬಿಸ್ಲು ಏರ್ತಾ ಐತೆ."

ಪುಟ್ಟಸ್ವಾಮಿ ಬಾಯಿ ತೆರೆದ. "ಅದು ಹಂಗಲ್ಲ ಕಣಮ್ಮ" ಎನ್ನುವಷ್ಟರಲ್ಲಿ ಹೆಂಗಸರ ಗುಂಪಿನಿಂದ ಆತನ ಸ್ವಂತ ಅತ್ತಿಗೆಯೇ ಎದ್ದಳು. "ಕರ್ಪೂರದ ಮಾತು ಕಣಪ್ಪ. ತಿರುಗ್ಸಿದ್ರೆ ನಮ್ಮನೆ ಮಕ್ಕಳಿಗೆ ತಟ್ತದೆ. ಸುಮ್ನೆ ಎದ್ ನಡಿ." ಕರ್ಪೂರ ಹಚ್ಚಿ ಆಡಿದ ಮಾತನ್ನು ನುಂಗುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ, ಆತನಿಗಂತೂ ಇರಲಿಲ್ಲ. ಎದ್ದು ನಡೆದವನು ಆತನೇ.

ಗಮನಿಸಿ, ಏಳುತ್ತೇನೆಂದು ರಾಕಮ್ಮ ಎಲ್ಲಿಯೂ ಹೇಳಿರಲಿಲ್ಲ. ಆಮೇಲೆ ನೋಡೋಣ ಎಂದಿದ್ದಳು, ನೋಡಿದಳು. ವ್ಯಾಪಾರದಲ್ಲಿ ನೋಡೋಣ ಎಂಬ ಈ ಮೂರಕ್ಷರದ ಬೆಲೆ ಗೊತ್ತಿಲ್ಲದವರು ಇನ್ನೊಬ್ಬರ ಮಂಡಿಯಲ್ಲಿ ಮೂಟೆ ಹೊರುತ್ತಿರುತ್ತಾರೆ.

ಕಬ್ಬಿಣ ಕಾದಿರುವಾಗಲೇ ಬಡಿಯಬೇಕು. ಮತ್ತೆ ಅರ್ಜಿ ಹಾಕಿಸಿ, ಸಾಹೇಬರನ್ನು ಬೇಕೆಂದೇ ಮಂಗಳವಾರವೇ ಕರೆತಂದೆ. ಹೆಂಗಸರೆಲ್ಲ ನೋಡುತ್ತಿದ್ದರು. ಪುಟ್ಟಸ್ವಾಮಿ ತಲೆ ಬಗ್ಗಿಸಿ, "ಊರೋಳೇ ಸ್ವಾಮಿ" ಎಂದ. ಗುಡಿಸಿಲಿನಷ್ಟು ಜಾಗಕ್ಕೆ ಹಕ್ಕುಪತ್ರ ಬಂತು. ಕೊಡುವಾಗ ಅಧಿಕಾರಿಯೊಬ್ಬರು ಸರ್ಕಾರದ ಔದಾರ್ಯದ ಬಗ್ಗೆ ಭಾಷಣ ಮಾಡಿದರು. ರಾಕಮ್ಮ ಅವರ ಮುಖ ನೋಡುತ್ತ ಕೂತಳು. ಅವರು ಭಾಷಣವನ್ನು ಅರ್ಧಕ್ಕೇ ಮುಗಿಸಿದರು.

ಕೊನೆಯ ಸಾರಿ ನಾನು ಹೋದಾಗ ಆಕೆಗೆ ಏಳಲು ಆಗುತ್ತಿರಲಿಲ್ಲ. ಹಾಸನದ ಆಸ್ಪತ್ರೆಗೆ ಕರೆದೊಯ್ಯುತ್ತೇನೆ, ಕಾರು ತಂದಿದ್ದೇನೆ ಎಂದೆ.

"ನೀನೂ ಎದ್ದೇಳು ಅಂತೀಯಲ್ಲೋ ತಂಬಿ."

ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಮೀನಾಚ್ಚಿಯನ್ನಾದರೂ ಫೋನಿನಲ್ಲಿ ಹುಡುಕಿಸಲೇ, ಈಗ ಎಲ್ಲಿದ್ದವರೂ ಸಿಗುತ್ತಾರೆ ಎಂದೆ. ಸೂರು ನೋಡುತ್ತಲೇ ಹೇಳಿದಳು. "ಸಿಕ್ಕಿದ್ರೆ ಏನಂತ ಹೇಳ್ತೀಯಾ? ನಿಮ್ಮಕ್ಕಂಗೆ ಒಂದು ಊರು ಸಿಗ್ತು ಅನ್ನು. ಅವಳೂ ಎಲ್ಲೋ ಹಿಂಗೇ ಯಾವನ್ ಮುಂದೋ ಕೂತಿರ್ತಾಳೆ." ಆಮೇಲೆ ಕಣ್ಣು ಮುಚ್ಚಿದಳು. ಅವಳ ಮೌನಕ್ಕೆ ಮೊದಲ ಸಲ ನನ್ನ ಹತ್ತಿರ ಏರಿಸಿ ಹೇಳುವುದಕ್ಕೆ ಏನೂ ಇರಲಿಲ್ಲ. ವಾರ ಕಳೆಯುವುದರೊಳಗೆ ಹೋದಳು. ಊರಿನ ಗಂಡಸರೇ ಹೊತ್ತರು. ಮೀನಾಚ್ಚಿ ಇನ್ನೂ ಸಿಕ್ಕಿಲ್ಲ, ನಾನು ಬಿಟ್ಟಿಲ್ಲ.

ಸತ್ತ ಮೇಲಾದರೂ ಗುಡಿಸಿಲು ಕೆಡವೋಣವೆಂದು ಸಮಿತಿಯಲ್ಲಿ ಮಾತು ಬಂತಂತೆ. ಕರ್ಪೂರದ ಮಾತು ಸತ್ತವರಿಗೂ ಉಂಟೋ ಇಲ್ಲವೋ ಎಂಬ ಅನುಮಾನದಲ್ಲಿ ಯಾರೂ ಕೈ ಹಾಕಲಿಲ್ಲ. ಗುಡಿಸಿಲನ್ನೂ ಒಳಗೆ ಸೇರಿಸಿ ಪ್ರದಕ್ಷಿಣೆಯ ದಾರಿಗೆ ಕಲ್ಲು ಹಾಸಿದರು. ಹಿಂಭಾಗದಲ್ಲಿ ದಾರಿ ಹೊಟ್ಟೆ ಉಬ್ಬಿದಂತೆ ಆಚೆಗೆ ಹೋಗಿ ಸುತ್ತಿ ಬರುತ್ತದೆ. ಹೊಸಬರು ಯಾಕೆ ಹೀಗೆ ಎಂದು ಕೇಳಿದರೆ, ಈಚೆಗೆ ಬಂದ ಪೂಜಾರಿ ಅದು ಶಾಸ್ತ್ರದಲ್ಲೇ ಇದೆ ಎನ್ನುತ್ತಾನೆ. ಪುಟ್ಟಸ್ವಾಮಿಗೆ ಈಗ ವಯಸ್ಸಾಗಿದೆ, ಮಂಡಿ ನೋವು, ಕೋಲು ಹಿಡಿದಿದ್ದಾನೆ. ಮೊಮ್ಮಗನಿಗೆ ಕೆಲಸ ಸಿಗಲೆಂದು ಹರಕೆ ಹೊತ್ತವನು ಮಂಗಳವಾರ ತಪ್ಪದೆ ಬಂದು, ಬರಿಗಾಲಿನಲ್ಲಿ, ನರಳುತ್ತ, ರಾಕಮ್ಮನ ಮನೆ ಸುತ್ತುತ್ತಾನೆ.